ಅಮ್ಮನ ಎದೆಬಿಲ್ಲೆಯ ಗುಂಡು

ಸೀಸ ಕರಗಿಸುವ ಸೌಟಿನಲ್ಲಿ ಬೆಳ್ಳಿ ಕರಗುವುದಿಲ್ಲ ಎಂಬುದು ಮದ್ಲಿಗೆ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಸತ್ತ ತಾಯಿಯ ಎದೆಬಿಲ್ಲೆಯನ್ನು ಯಾವ ಹೆಂಗಸು ಬೆಂಕಿಗೆ ಹಾಕುತ್ತಾಳೆ? ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಬುಟ್ಟಿ ಬರ್ಚ್ ಕಟ್ಟಿಗೆ ಉರಿಸಿದಳು. ಸೌಟು ಕೆಂಪಗಾಯಿತು, ಬಿಲ್ಲೆ ಕೆಂಪಗಾಯಿತು, ಅವಳ ಮುಖ ಅದಕ್ಕಿಂತ ಕೆಂಪಗಾಯಿತು. ಬೆಳ್ಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಕರಗೇ ಹಾಳಾದ್ದೇ," ಎಂದು ಹಲ್ಲು ಕಡಿದಳು.

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಲೀನಜ್ಜಿ ತಲೆ ಎತ್ತಲಿಲ್ಲ. "ನಿಮ್ಮಮ್ಮ ಬದುಕಿದ್ದಾಗಲೂ ಹಿಂಗೇ ಕಣೇ. ಒಂದು ಹಿಡಿ ಉಪ್ಪು ಕೇಳಿದ್ರೆ ಸಂಜೆವರೆಗೂ ಕರಗ್ತಿರಲಿಲ್ಲ. ಅವಳ ಬಿಲ್ಲೆ ಬೇರೆ ಹೆಂಗಿದ್ದೀತು?"

"ಅಜ್ಜಿ, ನಿನ್ನ ತಮಾಷೆಗೆ ಬೆಂಕಿ ಬೀಳ."

"ಬೀಳ್ಲಿ. ಚಳಿಗೆ ಒಳ್ಳೇದೇ."

ಲೀನಜ್ಜಿ ಯಾರಿಗೂ ಅಜ್ಜಿಯಲ್ಲ, ಊರಿಗೆಲ್ಲ ಅಜ್ಜಿ. ಮದ್ಲಿಯೂ ಅವಳೂ ಲೆಪಿಕು ರೈತನ ಹೊಲದ ಅಂಚಿನಲ್ಲಿ ಒಂದೇ ಗುಡಿಸಲು ಹಂಚಿಕೊಂಡಿದ್ದರು. ಹಿಂದೆ ಊರವರು ಹಬೆಸ್ನಾನ ಮಾಡುತ್ತಿದ್ದ ಗುಡಿಸಲು ಅದು. ಗೋಡೆ ಮುಟ್ಟಿದರೆ ಕೈಗೆ ಮಸಿ. ಅಲ್ಲಿ ಇರಲು ಬಿಟ್ಟದ್ದಕ್ಕೆ ಮದ್ಲಿ ರೈತನ ಹೊಲದಲ್ಲಿ ದುಡಿಯಬೇಕು, ಅವನ ಹೊಲದ ಕೆಲಸ ಮುಗಿದರೆ ದೊರೆಯ ಬಂಗಲೆಯ ಹೊಲದಲ್ಲಿ ದುಡಿಯಬೇಕು. ಅವಳ ಅಪ್ಪ ಬ್ಯಾರನ್ ದೊರೆಯ ಬೇಟೆಗೆ ಕಾಡು ಸೋವಿ ಪ್ರಾಣಿಗಳನ್ನು ಎಬ್ಬಿಸುತ್ತಿದ್ದವನು. ಹುಲ್ಲಿನ ಸೂರಿನೊಳಗೆ ಬಚ್ಚಿಟ್ಟ ಒಂದು ಹಳೆಯ ಕೋವಿ, ಗುಂಡಿನ ಒಂದು ಅಚ್ಚು, ಇಷ್ಟೇ ಅವನು ಬಿಟ್ಟುಹೋದ ಆಸ್ತಿ. ಗಂಡ ಮದುವೆಯಾದ ವರ್ಷವೇ ಸೈನ್ಯಕ್ಕೆ ಆಳು ಆರಿಸುವ ಚೀಟಿ ಎತ್ತಿ ಸೋತು ಚಕ್ರವರ್ತಿಯ ಸೈನ್ಯಕ್ಕೆ ಹೋದ. ಆ ಸೈನ್ಯಕ್ಕೆ ಹೋದವನನ್ನು ನಮ್ಮ ಊರು ಸತ್ತವರ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಅವನು ಹೋಗುವಾಗ ಮದ್ಲಿಯ ಹೊಟ್ಟೆಯಲ್ಲಿ ಪ್ರೀದು ಇದ್ದ.

ಆ ಪ್ರೀದುವನ್ನು ರೈ ಪೈರಿನ ಕೊಯ್ಲಿನ ಕಾಲದಲ್ಲಿ ತೋಳ ಒಯ್ದಿತು. ರಾತ್ರಿಯಲ್ಲ, ಕತ್ತಲಲ್ಲ, ನಡು ಹಗಲು, ಕುರಿ ಮೇಯಿಸುತ್ತಿದ್ದ ಹುಡುಗನನ್ನು. ಕುರಿಯೊಂದನ್ನೂ ಅದು ಮುಟ್ಟಿರಲಿಲ್ಲ. ಕೊಯ್ಯುತ್ತಿದ್ದವರೆಲ್ಲ ಕುಡುಗೋಲು ಹಿಡಿದೇ ಓಡಿದರು. ಜೌಗಿನ ಆಚೆ ಒಂದು ಅಂಗಿ ಸಿಕ್ಕಿತು. ಹುಡುಕಿ ತಂದವನು ದೊರೆಯ ಕಾಡುಗಾವಲಿನ ತೋನಿಸ್. ಅಂಗಿಯನ್ನು ಮದ್ಲಿಯ ಕೈಗೆ ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ. ಪಾದ್ರಿ ಆ ಅಂಗಿಯನ್ನೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿಸಿದ.

ಮಣ್ಣು ಮಾಡಿ ವಾಪಸು ಬರುವಾಗಲೇ ಊರ ಬಾಯಿ ತೆರೆದುಕೊಂಡಿತು. ಕುರಿ ಬಿಟ್ಟು ಮನುಷ್ಯನನ್ನು ಹಿಡಿಯುವುದು ಎಂಥ ತೋಳ? ಹಗಲಲ್ಲಿ ಅಂಗಳಕ್ಕೆ ಬಂದು ನಾಯಿಗೂ ಹೆದರದೆ ನಿಲ್ಲುವುದು ಎಂಥ ತೋಳ? ಹಿಂದಿನ ವಸಂತದಲ್ಲಿ ಗಿರಣಿಯವನ ಹೆಂಡತಿ ಅದನ್ನು ಕಂಡು "ಕೂತ್ಕೋ ದರಿದ್ರದ್ದೇ" ಎಂದು ಕಿರುಚಿದ್ದಳಂತೆ, ಅದು ಕೂತಿತಂತೆ. ಆಣೆ ಮಾಡಿ ಹೇಳುತ್ತಿದ್ದಳು. ಮನುಷ್ಯರ ಮಾತು ತಿಳಿಯುವ ತೋಳ ಅಂದರೆ ಮನುಷ್ಯನೇ ತಾನೇ? ಚರ್ಮ ಹೊದ್ದು ಮೂರು ಸುತ್ತು ಉರುಳಿ ತೋಳವಾಗುವವರ ಕತೆ ಕೇಳದೆ ನಮ್ಮಲ್ಲಿ ಯಾವ ಮಗುವೂ ಮಲಗಿಲ್ಲ. ಯಾರು ಎಂಬುದೊಂದೇ ಪ್ರಶ್ನೆ ಉಳಿದಿತ್ತು, ಅದಕ್ಕೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೋನಿಸನ ಹುಬ್ಬುಗಳು ಮೂಗಿನ ಮೇಲೆ ಕೂಡಿಕೊಂಡಿದ್ದವು, ತೋಳವಾಗುವವರ ಗುರುತೇ ಅದು. ಅವನು ಬೇರೆ ಸೀಮೆಯಿಂದ ಬಂದವನು. ಹಾರುವ ಹಕ್ಕಿಯನ್ನು ತಪ್ಪದೆ ಕೆಡಹುವ ಅವನ ಕೋವಿ, ದೊರೆಯ ಬೇಟೆಯಲ್ಲಿ ಆ ತೋಳ ಎದುರಿಗೇ ಬಂದಾಗ ಎರಡು ಸಲ ಗುರಿ ತಪ್ಪಿತ್ತು. ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಳ್ಳುವುದು ಯಾರಿಗೆ ಸಾಧ್ಯ ಹೇಳಿ. ಒಂದು ಸಲ ಅವನೂ ತೋಳವೂ ಒಟ್ಟಿಗೆ ಕಂಡಿದ್ದುಂಟು, ಆದರೆ ಅದನ್ನು ಕಂಡವನು ಕುಡುಕನಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದ್ಲಿ ಅಳಲಿಲ್ಲ. ಊರ ಹೆಂಗಸರು ಅಳಲಿ ಎಂದು ಕಾದರು, ಅಳಿಸಲು ನೋಡಿದರು, ಆಮೇಲೆ ಬೇಸತ್ತು ತಮ್ಮ ತಮ್ಮ ಮನೆಗೆ ಹೋದರು. ಅವಳ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು, ಕಣ್ಣಿಗೆ ನೀರು ಎಲ್ಲಿಂದ ಬರಬೇಕು? ಚರ್ಚಿನ ಬೆಂಚಿನಲ್ಲಿ ತೋನಿಸನ ಬೆನ್ನು ಕಂಡರೆ ಅವಳಿಗೆ ಪಾದ್ರಿಯ ಒಂದು ಮಾತೂ ಕೇಳಿಸುತ್ತಿರಲಿಲ್ಲ.

"ಕುಡುಗೋಲಲ್ಲಿ ಕತ್ತು ಕೊಯ್ದುಬಿಡ್ತೀನಿ ಅಜ್ಜಿ."

"ಕೊಯ್ದ್ರೆ ಸತ್ತವನು ಮನುಷ್ಯ, ನೀನು ಸೈಬೀರಿಯಾಕ್ಕೆ. ಅವನು ತೋಳದ ಚರ್ಮದಲ್ಲಿದ್ದಾಗ ಹೊಡೀಬೇಕು. ಆಗ ಸತ್ತದ್ದು ತೋಳ, ಯಾರೂ ಕೇಳಲ್ಲ. ಆದ್ರೆ ಆ ಚರ್ಮಕ್ಕೆ ಸೀಸ ನಾಟಲ್ಲ, ಬೆಳ್ಳಿನೇ ಆಗಬೇಕು. ಅದೂ ಅಂಗಡಿ ಬೆಳ್ಳಿಯಲ್ಲ, ಕದ್ದ ಬೆಳ್ಳಿಯಲ್ಲ. ಸತ್ತವರ ಎದೆ ಮೇಲಿಂದ ಬದುಕಿದವರ ಕೈಗೆ ಬಂದ ಬೆಳ್ಳಿ."

ಮದ್ಲಿಯ ಹತ್ತಿರ ಅಂಥದ್ದು ಒಂದೇ ಇತ್ತು. ಅಮ್ಮನ ಎದೆಬಿಲ್ಲೆ, ಅಮ್ಮನ ಅಮ್ಮನದು, ಅವಳ ಅಮ್ಮನದು. ಹೊಸದರಲ್ಲಿ ಅಂಗೈ ಅಗಲ ಇತ್ತಂತೆ. ನಮ್ಮಲ್ಲಿ ಮಗುವಿಗೆ ನೆಲದ ಹುಣ್ಣು ಎದ್ದರೆ, ಅಂದರೆ ಕೂರಬಾರದ ನೆಲದಲ್ಲಿ ಕೂತು ಮೈತುಂಬ ಬೊಬ್ಬೆ ಬಂದರೆ, ಹಳೆಯ ಬೆಳ್ಳಿಯ ಪುಡಿ ಕೆರೆದು ಹಚ್ಚುತ್ತಾರೆ. ಹಾಗೆ ತಲೆತಲಾಂತರ ಊರಿನ ಮಕ್ಕಳಿಗೆಲ್ಲ ಕೆರೆದು ಕೆರೆದು ಅದು ಸವೆದು ಸಣ್ಣದಾಗಿತ್ತು. ಕರಗಿಸಿದರೆ ಒಂದು ಗುಂಡಿಗೆ ಸಾಕು, ಎರಡಕ್ಕೆ ಸಾಲದು.

ಸೌಟು ಕೈಕೊಟ್ಟ ಮೇಲೆ ಮದ್ಲಿ ಕಮ್ಮಾರ ಯೂರಿಯ ಕುಲುಮೆಗೆ ಹೋದಳು.

"ಯೂರಿ ಮಾವ, ಇದನ್ನ ಕರಗಿಸಿ ಎರಕ ಹೊಯ್ದುಕೊಡು."

"ಯಾತಕ್ಕೆ?"

"ತೋಳಕ್ಕೆ."

"ತೋಳಕ್ಕಾದ್ರೆ ಸೀಸ ಸಾಕಲ್ಲ ಮಗಳೇ." ಯೂರಿ ಸುತ್ತಿಗೆ ಕೆಳಗಿಟ್ಟ. "ಲಾಳ ಬೇಕಾ, ಹೊಡೆದುಕೊಡ್ತೀನಿ. ನೇಗಿಲಿನ ಕುಳ ಬೇಕಾ, ತಟ್ಟಿಕೊಡ್ತೀನಿ. ಮನುಷ್ಯನ ಹೆಸರಲ್ಲಿ ಗುಂಡು ಹೊಯ್ಯೋ ಕೆಲಸ ನನ್ನ ಕುಲುಮೇಲಿ ಬೇಡ. ನಂಗೂ ಮಕ್ಕಳು ಮರಿ ಇದಾವೆ."

ಮದ್ಲಿ ಹೊರಟಳು. ಅವನು ಬೆನ್ನ ಹಿಂದಿನಿಂದ ಗೊಣಗಿದ: "ಆ ಮೂಲೆಯ ಹಳೇ ತಿದಿ ಹರಿದುಹೋಗಿದೆ. ಯಾರಾದ್ರೂ ಹೊತ್ಕೊಂಡು ಹೋದ್ರೆ ಜಾಗ ಖಾಲಿಯಾಗುತ್ತೆ. ಅದರಡಿ ಬೆಳ್ಳಿ ಕರಗಿಸೋ ಒಂದು ಮೂಸೆನೂ ಬಿದ್ದಿರಬೇಕು, ನಾನಂತೂ ನೋಡಿಲ್ಲ."

ಹೀಗಿದೆ ನೋಡಿ ನಮ್ಮ ಊರು. ಪಾಪದಲ್ಲಿ ಪಾಲು ಬೇಡ, ಪಾಪ ನಡೆಯದೆ ಹೋದರೆ ಸಮಾಧಾನವೂ ಇಲ್ಲ.

ಹರಿದ ತಿದಿಗೆ ಕುರಿಚರ್ಮದ ತೇಪೆ ಹಾಕಿ, ಒಲೆಯ ಬಾಯಿಗೆ ಮಣ್ಣು ಮೆತ್ತಿ ಚಿಕ್ಕದು ಮಾಡಿ, ಕಟ್ಟಿಗೆಯ ಬದಲು ಇದ್ದಿಲು ತುಂಬಿ ಮದ್ಲಿ ಮತ್ತೆ ಕೂತಳು. ಲೀನಜ್ಜಿ ತಿದಿ ಒತ್ತಿದಳು, ಒತ್ತುತ್ತಾ ಬೈದಳು. ಮೂಸೆ ಕೆಂಪು ದಾಟಿ ಹಳದಿಗೆ ತಿರುಗಿದ ಮೇಲೆ ಬಿಲ್ಲೆಯ ಅಂಚು ಬಗ್ಗಿತು, ನೋಡನೋಡುತ್ತ ಒಳಗೆ ಕುಸಿದು ಒಂದು ಹನಿಯಾಗಿ ನಡುಗತೊಡಗಿತು. ಅದನ್ನು ಅಪ್ಪನ ಅಚ್ಚಿಗೆ ಹೊಯ್ದಳು. ತಣ್ಣಗಿದ್ದ ಅಚ್ಚು ಅರ್ಧ ದಾರಿಯಲ್ಲೇ ಬೆಳ್ಳಿಯನ್ನು ಹಿಡಿದು ನಿಲ್ಲಿಸಿತು. ಬಿಚ್ಚಿ ನೋಡಿದರೆ ಅರ್ಧ ಗುಂಡು. ಮತ್ತೆ ಕರಗಿಸಿದಳು. ಈ ಸಲ ಅಚ್ಚಿನ ಸಂದಿಯಲ್ಲಿ ಎಲ್ಲೋ ಪಸೆ ಇತ್ತು. ಬೆಳ್ಳಿ ಉಗುಳಿ ಅವಳ ಮಣಿಕಟ್ಟಿನ ಮೇಲೆ ಹಾರಿತು. ಚರ್ಮ ಚುರ್ ಎಂದಿತು. ಅವಳು ಕೈ ಒರೆಸಿಕೊಂಡು, ಒಲೆಯ ಬೂದಿಯನ್ನೆಲ್ಲ ಜರಡಿ ಹಿಡಿದು ಸಿಡಿದ ಹನಿ ಹುಡುಕಿದಳು. ಕೈಗೆ ಹಂದಿಕೊಬ್ಬು ಹಚ್ಚಲು ಬಂದ ಅಜ್ಜಿಗೆ "ಮೊದ್ಲು ಬೆಳ್ಳಿ ಹುಡುಕು" ಎಂದಳು.

ಕೊನೆಗೆ ಅಚ್ಚನ್ನೇ ಬೆಂಕಿಯ ಮೇಲೆ ಹಿಡಿದು ಚೆನ್ನಾಗಿ ಕಾಯಿಸಿ, ಒಳಗೆ ಮೇಣದಬತ್ತಿಯ ಹೊಗೆ ಕೂರಿಸಿ ಹೊಯ್ದಾಗ ಗುಂಡು ಗುಂಡಾಗಿ ಬಂತು. ಆದರೆ ತಣಿಯುತ್ತಾ ಬೆಳ್ಳಿ ಕುಗ್ಗಿತ್ತು. ಕೋವಿಯ ನಳಿಕೆಗೆ ಬಿಟ್ಟರೆ ಒಣ ಬಟಾಣಿಯ ಹಾಗೆ ಗಲಗಲ ಅಂದಿತು. ನಾರುಬಟ್ಟೆಯ ಚೂರಿಗೆ ಕೊಬ್ಬು ಸವರಿ ಅದರಲ್ಲಿ ಸುತ್ತಿ ತುಂಬಿದರೆ ನಿಲ್ಲುತ್ತದೆ, ಆದರೆ ದೂರಕ್ಕೆ ಗುರಿ ನೆಚ್ಚುವಂತಿಲ್ಲ.

"ಹತ್ರ ಬರಬೇಕು ಹಂಗಾದ್ರೆ," ಎಂದಳು ಲೀನಜ್ಜಿ.

"ಬರ್ತಾನೆ. ಉಪ್ಪು ತಿಂದವನು ನೀರು ಕುಡೀಲೇಬೇಕು."

ಆಗಿನಿಂದ ಗುಂಡು ಅವಳ ಕೊರಳಿನ ಚೀಲದಲ್ಲಿ. ಎಲೆ ಉದುರಿತು, ಜೌಗು ಹೆಪ್ಪುಗಟ್ಟಿತು. ಬಿಡುವು ಸಿಕ್ಕಾಗಲೆಲ್ಲ ಕಾಡಿನಂಚಿನಲ್ಲಿ ಕೋವಿ ಹಿಡಿದು ಕಾದಳು. ಹೆಜ್ಜೆ ಕಂಡಿತು, ತೋಳ ಕಾಣಲಿಲ್ಲ. ಬೆಳ್ಳಿಯ ವಾಸನೆ ಹತ್ತಿದೆ ಅವನಿಗೆ ಎಂದರು ಊರವರು. ಗುಂಡು ಯಾರಿಗೆಂದು ಊರಿಗೆಲ್ಲ ಗೊತ್ತಿತ್ತು, ತೋನಿಸನಿಗೂ ಗೊತ್ತಿತ್ತು. ದಾರಿಯಲ್ಲಿ ಎದುರಾದರೆ ಅವನು ಟೊಪ್ಪಿ ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅವನ ಆ ಸೌಜನ್ಯ ಮದ್ಲಿಯ ಮೈ ಉರಿಸುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಮಧ್ಯಾಹ್ನ ಗುಡಿಸಲಿನ ಬಾಗಿಲಲ್ಲಿ ತೋನಿಸನ ಹೆಂಡತಿ ಲೀಸು ನಿಂತಿದ್ದಳು. ಸೆರಗಿನಂಥ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಮದ್ಲಕ್ಕ, ಮಾಯಿಗೆ ನೆಲದ ಹುಣ್ಣು. ಮೈಯೆಲ್ಲ ಬೆಂದ ಹಾಗಾಗಿದೆ. ಕಣ್ಣು ಬಿಡ್ತಿಲ್ಲ."

ಮಾಯಿ ಅವರ ಒಬ್ಬಳೇ ಮಗಳು. ಪ್ರೀದುವಿಗಿಂತ ತುಸು ಚಿಕ್ಕವಳು.

"ನಂಗ್ಯಾಕೆ ಹೇಳ್ತೀಯ?"

"ಬೆಳ್ಳಿ ಕೆರೆದುಕೊಡು. ನಮ್ಮ ಮನೇಲಿ ಹಳೇ ಬೆಳ್ಳಿ ಇಲ್ಲ. ಎಲ್ಲರ ಬಾಗಿಲಿಗೂ ಹೋದೆ. ಒಬ್ಬರ ಬಿಲ್ಲೆ ಕಳೆದುಹೋಗಿದೆಯಂತೆ, ಒಬ್ಬರದು ತವರಿಗೆ ಕಳಿಸಿದಾರಂತೆ. ಗಿರಣಿಯವನ ಹೆಂಡತಿ ಎದೆ ಮೇಲೆ ಹಾಕ್ಕೊಂಡೇ ಇಲ್ಲ ಅಂದಳು."

"ನನ್ನ ಬಿಲ್ಲೆ ಈಗ ಏನಾಗಿದೆ ಗೊತ್ತಾ?"

"ಗೊತ್ತು."

"ಯಾರಿಗೆ ಅಂತ ಗೊತ್ತಾ?"

"ಗೊತ್ತು ಮದ್ಲಕ್ಕ. ಮಗು ನರಳ್ತಾ ಇದೆ."

ಮೂಲೆಯಲ್ಲಿ ಲೀನಜ್ಜಿಯ ರಾಟೆ ನಿಂತಿತು. ಮಗುವಿಗೆಂದು ಬೆಳ್ಳಿ ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಶತ್ರುವಾದರೂ ಸರಿ, ತಿರುಪೆಯವಳಾದರೂ ಸರಿ. ಇಲ್ಲವೆಂದವರ ಮನೆಯಲ್ಲಿ ಬೆಳ್ಳಿ ಕಪ್ಪಾಗುತ್ತದೆ, ಸತ್ತುಹೋಗುತ್ತದೆ. ಸತ್ತ ಬೆಳ್ಳಿಯ ಗುಂಡು ಇದ್ದೂ ಇಲ್ಲದ ಹಾಗೆ. ಕೊಟ್ಟರೆ ಆ ಮಗು ಬದುಕುತ್ತದೆ. ಮದ್ಲಿ ಎರಡನ್ನೂ ತೂಗಿದಳು. ತೂಗುತ್ತಿದ್ದಂತೆಯೇ ಅವಳಿಗೊಂದು ಉಪಾಯ ಹೊಳೆಯಿತು, ಅವಳು ಅದನ್ನು ತಳ್ಳಿಹಾಕಲಿಲ್ಲ.

ಬೆಳ್ಳಿ ಕೆರೆಯುವವರು ಕೇಳಿದವರಿಗೆ ಬೆನ್ನು ಹಾಕಿ ಕೆರೆಯಬೇಕೆಂಬುದು ವಾಡಿಕೆ. ಮದ್ಲಿ ಬೆನ್ನು ಹಾಕಿದಳು. ಕೊರಳಿನ ಚೀಲ ಬಿಚ್ಚುವವಳಂತೆ ಕೈ ಆಡಿಸಿ, ಗೂಡಿನಲ್ಲಿದ್ದ ತವರದ ತುಣುಕೊಂದನ್ನು ತೆಗೆದುಕೊಂಡಳು. ಹಿಂದಿನ ಹೊಸವರ್ಷದಲ್ಲಿ ಎಲ್ಲರ ಹಾಗೆ ಅವಳೂ ಪ್ರೀದುವಿನ ಹೆಸರಲ್ಲಿ ತವರ ಕರಗಿಸಿ ನೀರಿಗೆ ಹೊಯ್ದು ಭವಿಷ್ಯ ನೋಡಿದ್ದಳು. ಅದು ದೋಣಿಯ ಹಾಗೆ ಬಂದಿತ್ತು, ಹುಡುಗ ದೇಶ ಸುತ್ತುತ್ತಾನೆ ಎಂದಿದ್ದರು. ಆ ತವರವನ್ನೇ ಚಾಕುವಿನಿಂದ ಕೆರೆದಳು. ಬಟ್ಟೆಯ ಮೇಲೆ ಬಿಳಿಯ ಪುಡಿ ಬಿತ್ತು. ನೋಡಿದರೆ ಯಾರೂ ಬೇರೆ ಅನ್ನುವಂತಿರಲಿಲ್ಲ.

ಸಾಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ನನಗೆ ಅಂಗಿ ತಂದುಕೊಟ್ಟನಲ್ಲ, ಅವನಿಗೂ ಒಂದು ಅಂಗಿ ಉಳಿಯಲಿ.

ಲೀಸು ಪುಡಿಯ ಗಂಟನ್ನು ಎದೆಗವಚಿಕೊಂಡಳು. ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಬೆಳ್ಳಿ ಕೊಟ್ಟವರಿಗೆ ಉಪಕಾರವಾಯ್ತು ಅನ್ನಬಾರದು, ಅಂದರೆ ಮದ್ದು ಹಿಡಿಯುವುದಿಲ್ಲ. ಏನೂ ಹೇಳದೆ ಹಿಮದಲ್ಲಿ ಓಡಿದಳು.

ಅವಳು ಹೋದ ಮೇಲೆ ಲೀನಜ್ಜಿ ಗೂಡಿನ ಕಡೆ ನೋಡಿದಳು. ಆಮೇಲೆ "ಗೂಡಿನ ತವರ ಎಲ್ಲೋಯ್ತು?" ಎಂದಳು.

"ನಿಂಗೆ ಕಣ್ಣು ಕಾಣಲ್ಲ ಅಂತಿದ್ದೆಯಲ್ಲ."

"ಕಾಣಬಾರದ್ದೆಲ್ಲ ಚೆನ್ನಾಗೇ ಕಾಣುತ್ತೆ," ಎಂದು ಮುದುಕಿ ರಾಟೆ ತಿರುಗಿಸಿದಳು. ಆ ದಿನ ಅವರಿಬ್ಬರೂ ಬೇರೆ ಬೇರೆ ಕೂತು ಗಂಜಿ ಕುಡಿದರು.

ಮದ್ಲಿ ಚರ್ಚಿನ ಗಂಟೆಗೆ ಕಿವಿಗೊಟ್ಟಳು. ಮಕ್ಕಳು ಸತ್ತರೆ ಸಣ್ಣ ಗಂಟೆ ಹೊಡೆಯುತ್ತಾರೆ. ಹಾಲು ಕರೆಯುವಾಗ, ಹಗ್ಗ ಹೊಸೆಯುವಾಗ ಒಂದು ಕಿವಿ ಆ ಕಡೆಗೇ. ಗಂಟೆ ಹೊಡೆಯಲಿಲ್ಲ. ಹೊಡೆಯದೆ ಇದ್ದದ್ದಕ್ಕೆ ಅವಳಿಗೆ ಸಿಟ್ಟು ಬಂತು. ಒಂದೊಂದು ಸಲ ನಡುರಾತ್ರಿ ಎಚ್ಚರವಾಗಿ, ಹೊಡೆಯದೇ ಇರಲಿ ದೇವರೇ ಎಂದೂ ಅಂದುಕೊಂಡಳು. ಹಾಗೆ ಅಂದುಕೊಂಡ ತನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹೊಸವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ತೋನಿಸ್ ಬಂದ. ಕೈಯಲ್ಲಿ ಒಂದು ಬಿಳಿ ಮೊಲ. ಹೊಸ್ತಿಲ ಹೊರಗೇ ಅದನ್ನಿಟ್ಟು ಟೊಪ್ಪಿ ತೆಗೆದ. ಮದ್ಲಿ ಕಟ್ಟಿಗೆ ಸೀಳುತ್ತಿದ್ದಳು, ಕೊಡಲಿ ಕೆಳಗಿಡಲಿಲ್ಲ.

"ಮಾಯಿ ಎದ್ದು ಓಡಾಡ್ತಿದಾಳೆ," ಎಂದ.

ಮದ್ಲಿಯ ಕೈ ನಿಂತಿತು. ತವರ ಹಚ್ಚಿದ ಮಗು ಎದ್ದು ಓಡಾಡುತ್ತಿದೆ.

"ಹೇಳಬಾರದ ಮಾತು ನಾನು ಹೇಳಲ್ಲ. ಹೇಳಿದ್ರೆ ಮತ್ತೆ ಹುಣ್ಣು ಏಳುತ್ತೆ. ಅದರ ಬದಲು ಬೇರೆ ಹೇಳಬೇಕು. ನಿನ್ನ ಬೆಳ್ಳಿ ನನ್ನ ಮಗಳನ್ನ ಉಳಿಸ್ತು ಮದ್ಲಕ್ಕ, ಇನ್ನು ನಿನ್ನ ಮುಂದೆ ಸುಳ್ಳು ಹೊತ್ಕೊಂಡು ತಿರುಗೋಕೆ ನನ್ನ ಕೈಲಾಗಲ್ಲ." ಅವನು ಟೊಪ್ಪಿಯನ್ನು ಹಿಂಡುತ್ತಿದ್ದ. "ಆ ತೋಳ ನಾನಲ್ಲ. ಆದ್ರೆ ನನ್ನದು."

"ನಿನ್ನದು ಅಂದ್ರೆ?"

"ಗವಿಯಿಂದ ತಂದೆ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ದೊರೆಗೆ ಅಂಗಳದಲ್ಲಿ ಕಟ್ಟಿ ನೆಂಟರಿಗೆ ತೋರಿಸೋಕೆ ಬೇಕಾಗಿತ್ತು. ನಾನೇ ಬಾಟಲಿ ಹಾಲು ಕುಡಿಸಿ ಸಾಕಿದೆ. ಪೋಂತು ಅಂತ ಹೆಸರಿಟ್ಟಿದ್ದೆ. ಮಾಯಿ ಜೊತೆ ಒಂದೇ ಹುಲ್ಲಲ್ಲಿ ಮಲಗ್ತಿತ್ತು. ಆಮೇಲೆ ದೊರೆಗೆ ಬೇಜಾರಾಯ್ತು, ಹೊಡೆದು ಚರ್ಮ ತಾ ಅಂದ್ರು. ಕೈ ಬರಲಿಲ್ಲ. ಹೊಡೆದೆ ಅಂತ ಸುಳ್ಳು ಹೇಳಿ ಬೇರೆ ತೋಳದ ಚರ್ಮ ಕೊಟ್ಟು, ಇದನ್ನ ಜೌಗಿನಾಚೆ ಬಿಟ್ಟುಬಂದೆ."

ಮದ್ಲಿ ಕೊಡಲಿಯನ್ನು ಕೊರಡಿಗೆ ಹೊಡೆದು ನಿಲ್ಲಿಸಿದಳು. ಇಷ್ಟು ದಿನ ಊರು ಹೇಳಿದ್ದೆಲ್ಲ ಅವಳ ತಲೆಯಲ್ಲಿ ಒಂದೊಂದಾಗಿ ತಿರುಗಿ ನಿಂತಿತು. ಕೂತ್ಕೋ ಎಂ‌ದರೆ ಕೂತದ್ದು, ನಾಯಿಗೆ ಹೆದರದೆ ನಿಂತದ್ದು, ತೋನಿಸನ ಗುರಿ ತಪ್ಪಿದ್ದು. ಎಲ್ಲರೂ ತೋಳದೊಳಗೆ ಮನುಷ್ಯನನ್ನು ಹುಡುಕಿದ್ದರು. ಮನುಷ್ಯ ಸಾಕಿದ ತೋಳ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಅದಕ್ಕೆ ಮಕ್ಕಳಂದ್ರೆ ರೊಟ್ಟಿ ಕೊಡೋರು," ಎಂದ ತೋನಿಸ್. "ಮಾಯಿ ಯಾವಾಗ್ಲೂ ಚೀಲದಿಂದ ತೆಗೆದು ಕೊಡ್ತಿದ್ಲು. ಪ್ರೀದು ಹೆಗಲಲ್ಲಿ ಬುತ್ತಿ ಚೀಲ ಇತ್ತಲ್ಲ. ಅದು ಕೇಳೋಕೆ ಹೋಗಿರಬೇಕು, ಅವನು ಓಡಿರಬೇಕು. ಓಡೋದನ್ನ ಕಂಡ್ರೆ ತೋಳಕ್ಕೆ ತೋಳದ ಬುದ್ಧಿ ಬಂದುಬಿಡುತ್ತೆ. ಓಡದೆ ಒಂದು ತುಂಡು ಎಸೆದಿದ್ರೆ ಸಾಕಿತ್ತು."

"ಅದನ್ನ ಅವನಿಗೆ ಯಾರು ಹೇಳಬೇಕಿತ್ತು?"

ತೋನಿಸ್ ತಲೆ ತಗ್ಗಿಸಿದ.

"ನಾನು ಹೇಳಿದ್ದೆ, ತೋಳ ಕಂಡ್ರೆ ಓಡು ಮಗಾ ಅಂತ. ಹೆತ್ತವಳು ನಾನೇ ಹೇಳಿಕೊಟ್ಟೆ. ನಿಂಗೆ ಗೊತ್ತಿತ್ತು. ಪ್ರತಿ ಭಾನುವಾರ ನನ್ನ ಮುಂದಿನ ಬೆಂಚಲ್ಲಿ ಕೂತು ಹಾಡು ಹೇಳ್ತಿದ್ದೆಯಲ್ಲೋ, ಒಂದು ಮಾತು ಹೇಳೋಕೆ ನಿನ್ನ ನಾಲಿಗೆಗೆ ಏನಾಗಿತ್ತು?"

"ದೊರೆಗೆ ಗೊತ್ತಾದ್ರೆ ಚಾವಟಿ, ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ, ಆದಮೇಲೆ, ಹೇಗೆ ಹೇಳಲಿ?"

ತೋಳಮನುಷ್ಯನಾಗಿದ್ದರೆ ಅದು ಶಾಪ, ಹಣೆಬರಹ. ಚರ್ಮ ಹೊದ್ದಾಗ ಬುದ್ಧಿ ಅವನ ಕೈಯಲ್ಲಿಲ್ಲ ಎನ್ನಬಹುದಿತ್ತು. ಇವನು ಎರಡು ಕಾಲಿನ ಮೇಲೆ ನಿಂತು, ಪೂರ್ತಿ ಬುದ್ಧಿ ಇಟ್ಟುಕೊಂಡು ಸುಮ್ಮನಿದ್ದವನು. ತನ್ನ ಸಿಟ್ಟು ಇಷ್ಟು ದಿನ ಉರಿದದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು ಮದ್ಲಿಗೆ.

"ಕೇಳು," ಎಂದಳು. "ನಾನು ಕೊಟ್ಟಿದ್ದು ಬೆಳ್ಳಿಯಲ್ಲ, ತವರ. ನಿನ್ನ ಮಗಳು ಸಾಯಲಿ ಅಂತ ಕೊಟ್ಟೆ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಕಾದಳು. ಹೊಡೆದಿದ್ದರೆ ಅವಳಿಗೆ ಹಿತವಾಗುತ್ತಿತ್ತು.

"ಬದುಕಿದಾಳೆ," ಎಂದನಷ್ಟೆ. ಸ್ವಲ್ಪ ತಡೆದು, "ನಿನ್ನ ಗುಂಡು ಇದೆಯಲ್ಲ. ನಂಗೆ ಹೊಡಿ. ನಾನು ಕಾಡಿಗೆ ಬರ್ತೀನಿ, ಯಾರೂ ಕಾಣಲ್ಲ," ಎಂದ.

"ನಿನ್ನ ಕೊಂದ್ರೆ ನೋವು ನಿಂಗಾ? ನೋವು ಲೀಸುಗೆ. ನೀನು ಆರಾಮಾಗಿ ಮಲಗಿರ್ತೀಯ." ಮದ್ಲಿ ಸೂರಿನಿಂದ ಕೋವಿ ಎಳೆದಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಂಗೆ ತೋಳ ಮುದ್ದು. ನಡಿ. ಹೆಸರಿಟ್ಟಿದ್ದೀಯಲ್ಲ, ಆ ಹೆಸರು ಹಿಡಿದು ಕರಿ."

ತೋನಿಸ್ ಬೇಡಿಕೊಂಡ. ತಾನೇ ಹೋಗಿ ಹೊಡೆದುಬರುತ್ತೇನೆ ಎಂದ. ಎರಡು ಸಲ ಹೊಡೆದದ್ದು ನೋಡಿದ್ದೇವಲ್ಲ ಎಂದಳು ಮದ್ಲಿ. ಅವನು ಮುಂದೆ, ಅವಳು ಕೋವಿ ಹಿಡಿದು ಹಿಂದೆ, ಹೆಪ್ಪುಗಟ್ಟಿದ ಜೌಗು ದಾಟಿದರು. ಸೂರ್ಯ ಪೈನ್ ಮರಗಳ ಮೇಲೆ ಬಂದಿದ್ದ. ಬಯಲಿನ ನಡುವೆ ಬಿದ್ದ ಒಂದು ಮರದ ಮೇಲೆ ಅವನನ್ನು ಕೂರಿಸಿ ಮದ್ಲಿ ಮದ್ದು ತುಂಬಿದಳು, ಕೊಬ್ಬಿನ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯನ್ನು ಗಜಕಡ್ಡಿಯಿಂದ ನಳಿಕೆಯೊಳಕ್ಕೆ ಒತ್ತಿ ಇಳಿಸಿದಳು. ಮಾಮೂಲಿ ತೋಳಕ್ಕೆ ಸೀಸ ಸಾಕು ಎಂದು ಅವಳಿಗೀಗ ಗೊತ್ತಿತ್ತು. ಆದರೂ ಆ ಗುಂಡು ಮಗನನ್ನು ತಿಂದವರಿಗೆಂದೇ ಹೊಯ್ದದ್ದು, ಬೇರೆಯದು ತುಂಬಲು ಮನಸ್ಸು ಬರಲಿಲ್ಲ.

"ಕರಿ."

"ಮದ್ಲಕ್ಕ."

"ಕರಿಯೋ."

ತೋನಿಸ್ ಕರೆದ. ಬಯಲಿಗೆಲ್ಲ ಕೇಳಿಸಿತು. "ಪೋಂತು. ಪೋಂತು, ಬಾ, ಬಾ."

ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಮರಗಳ ನಡುವೆ ಬೂದುಬಣ್ಣದ್ದೊಂದು ಸರಿಯಿತು. ನಿಂತು ನೋಡಿತು. ನೋಡಿ, ಕಿವಿ ಹಿಂದಕ್ಕೆ ಒರಗಿಸಿ, ಹೊಟ್ಟೆ ನೆಲಕ್ಕೆ ತಾಗುವಂತೆ ಕುಗ್ಗಿ, ಬಾಲ ಬೀಸುತ್ತಾ, ಕುಂಯ್‌ಗುಡುತ್ತಾ ಓಡಿಬಂತು. ತೋನಿಸನ ಮಂಡಿಯ ಮೇಲೆ ತಲೆ ಇಟ್ಟು ಉಜ್ಜಿತು. ಅವನ ಕೈ ತನ್ನಷ್ಟಕ್ಕೆ ಅದರ ಕತ್ತಿನ ರೋಮದೊಳಗೆ ಹೋಯಿತು. ಆಮೇಲೆ ಅದು ಮದ್ಲಿಯ ಕಡೆ ತಿರುಗಿ, ಅವಳ ಲಂಗದ ಜೇಬು ಮೂಸಿ, ಎದುರಿಗೆ ಕೂತು ಮುಖ ನೋಡಿತು.

"ರೊಟ್ಟಿ ಕೇಳ್ತಿದೆ," ಎಂದ ತೋನಿಸ್.

ಪ್ರೀದುವಿನ ಎದುರಿಗೂ ಇದು ಹೀಗೇ ಕೂತಿರಬೇಕು. ಮದ್ಲಿ ಆ ಹಳದಿ ಕಣ್ಣುಗಳಲ್ಲಿ ಒಂದು ದುಷ್ಟತನ ಹುಡುಕಿದಳು, ಮಗನನ್ನು ಕೊಂದ ಒಂದು ಗುರುತು ಹುಡುಕಿದಳು. ಹಸಿವು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಹೊಡೆದಳು. ಅಷ್ಟು ಹತ್ತಿರಕ್ಕೆ ಗುರಿ ಬೇಕಿರಲಿಲ್ಲ.

ತೋನಿಸ್ ಹಿಮದಲ್ಲಿ ಕುಸಿದು ಕೂತು ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಗಂಡಸರು ಹಾಗೆ ಅಳುವುದನ್ನು ಮದ್ಲಿ ಕಂಡಿರಲಿಲ್ಲ. ಅವಳು ಕೋವಿ ಊರಿಕೊಂಡು ನಿಂತು ನೋಡಿದಳು. ಇದನ್ನು ನೋಡಲೆಂದೇ ಅವಳು ಬದುಕಿದ್ದಳು, ಕಣ್ಣು ತುಂಬ ನೋಡಿದಳು.

"ಅಳು," ಎಂದಳು. "ಚೆನ್ನಾಗಿ ಅಳು."

ಅವನು ಅತ್ತು ಮುಗಿಸಿ ಕೇಳಿದ: "ಹೂಳಲಾ?"

"ಬೇಡ. ಕಾಗೆಗೆ ಬಿಡು. ಮನೆಗೆ ಹೋಗು, ಮಗಳು ಕಾಯ್ತಿರ್ತಾಳೆ."

ಅವನು ಎದ್ದ. ಟೊಪ್ಪಿ ಹಾಕಿಕೊಂಡ. "ಎಲ್ಲಿದ್ರೂ ಕರೆದ್ರೆ ಬರ್ತಿತ್ತು," ಎಂದು ಯಾರಿಗೋ ಹೇಳುವಂತೆ ಹೇಳಿ ಜೌಗಿನ ಕಡೆ ನಡೆದ.

ಅವನ ಬೆನ್ನು ಸಣ್ಣದಾಗುವವರೆಗೆ ಮದ್ಲಿ ನಿಂತೇ ಇದ್ದಳು. ಎದೆಯ ಉರಿ ಆರಿತ್ತು. ಆರಿದ ಜಾಗದಲ್ಲಿ ಏನಾದರೂ ಇರುತ್ತದೆ ಎಂದುಕೊಂಡಿದ್ದಳು, ಇರಲಿಲ್ಲ. ಆಗ ಅವಳು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಎರಡು ಕೈ ಬಾಯಿಗೆ ಹಿಡಿದು, ಊಟದ ಹೊತ್ತಿಗೆ ಕರೆಯುವ ಹಾಗೆ, ಕಾಡಿಗೆ ಮುಖ ಮಾಡಿ ಕರೆದಳು.

"ಪ್ರೀದೂ... ಬಾ ಮಗಾ."

ದೂರದಲ್ಲಿ ತೋನಿಸ್ ನಿಂತ. ತಿರುಗಿ ನೋಡಲಿಲ್ಲ. ಮದ್ಲಿ ಇನ್ನೊಂದು ಸಲ ಕರೆದಳು. ಸ್ವಲ್ಪ ಹೊತ್ತು ಕಾದು, ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟಳು.